ತಪ್ಪು ಹೊಕ್ಕಿದ್ದು ಯಾವ ಪ್ರತಿಯಲ್ಲಿ

(ಫೋನಿನಲ್ಲಿ ನಡೆದ ಮಾತು. ಒಬ್ಬರು ಮೈಸೂರಿನವರು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾಗಿ, ಈಗ ಹಳಗನ್ನಡ ಗ್ರಂಥಸಂಪಾದನೆಯಲ್ಲಿ ತೊಡಗಿದವರು. ಇನ್ನೊಬ್ಬಳು ಅವರ ಅಣ್ಣನ ಮಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು.)

— ಮೀಟಿಂಗ್‌ನಲ್ಲಿ ಇದ್ದೀಯೇನೇ?

— ಇಲ್ಲ ಅತ್ತೆ, ಹೇಳಿ. ದನಿ ಯಾಕೆ ಹೀಗಿದೆ?

— ಫೈರ್‌ಫಾಕ್ಸ್ ಕೆಟ್ಟು ಕೂತಿದೆ ಕಣೇ. ನಿನ್ನೆ ಅಪ್‌ಡೇಟ್ ಆಗಿದೆ, ಮುಚ್ಚಿ ತೆರೆಯಿರಿ ಅಂತ ಬಂತು. ಹಾಗೇ ಮಾಡಿದೆ. ಆಗಿನಿಂದ ಯಾವ ಪುಟ ತೆರೆದರೂ ಬರೀ ಬಿಳಿ. ಕೆಳಗೆ ಸರಿಸಿದರೆ ಅಲ್ಲಲ್ಲಿ ಕಪ್ಪು ಚೌಕ ಬರುತ್ತೆ, ಹೋಗುತ್ತೆ. ಬೆಳಿಗ್ಗೆ ಕಂಪ್ಯೂಟರ್ ಅಂಗಡಿ ಹುಡುಗನನ್ನ ಕರೆಸಿದ್ದೆ. ಅವನು ಇನ್ನೊಂದು ಫೈರ್‌ಫಾಕ್ಸ್ ಇಳಿಸಿ ಹಾಕಿದ. ಅದೂ ಬಿಳಿಯೇ. ಸಾಲದ್ದಕ್ಕೆ ಅದರಲ್ಲಿ ನನ್ನ ಬುಕ್‌ಮಾರ್ಕು ಒಂದೂ ಇಲ್ಲ. ಶಾಸನ ಸಂಪುಟಗಳ ಸ್ಕ್ಯಾನು, ಓಲೆಗರಿ ಪಟ್ಟಿಗಳು, ಯಾವ ಗ್ರಂಥಾಲಯದಲ್ಲಿ ಯಾವ ಪ್ರತಿ ಇದೆ ಅನ್ನೋದು, ಎಲ್ಲ ಅದರಲ್ಲೇ ಇಟ್ಟಿದ್ದೆ. ಮಧ್ಯಾಹ್ನ ಬಂದು ವಿಂಡೋಸನ್ನೇ ಹೊಸದಾಗಿ ಹಾಕಿಕೊಡ್ತೀನಿ ಅಂದಿದ್ದಾನೆ.

— ಅವನಿಗೆ ಬರೋದು ಬೇಡ ಅಂತ ಹೇಳಿಬಿಡಿ ಅತ್ತೆ. ಈಗಲೇ.

— ಹೇಳೋಣ. ಮೊದಲು ಇದಕ್ಕೆ ಉತ್ತರ ಕೊಡು. ನನ್ನದೆಲ್ಲ ಹೋಯ್ತಾ?

— ಹೋಗಿಲ್ಲ. ಬ್ರೌಸರ್ ಅನ್ನೋ ಪ್ರೋಗ್ರಾಂ ಬೇರೆ, ನಿಮ್ಮ ಸಾಮಾನು ಬೇರೆ. ಬುಕ್‌ಮಾರ್ಕು, ಹಿಸ್ಟರಿ, ಪಾಸ್‌ವರ್ಡು, ನೀವು ಬದಲಾಯಿಸಿದ ಸೆಟ್ಟಿಂಗು, ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಶನ್ನು, ಇವೆಲ್ಲ ಪ್ರೊಫೈಲ್ ಅನ್ನೋ ಒಂದು ಫೋಲ್ಡರ್‌ನಲ್ಲಿರುತ್ತೆ. ಪ್ರೋಗ್ರಾಂ ತೆಗೆದುಹಾಕಿದರೂ ಆ ಫೋಲ್ಡರ್ ತಾನಾಗಿ ಹೋಗಲ್ಲ. 2019ರ ಮೇ ತಿಂಗಳಲ್ಲಿ ಬಂದ ಫೈರ್‌ಫಾಕ್ಸ್ 67ರಿಂದ ಈಚೆಗೆ, ಒಂದೇ ಕಂಪ್ಯೂಟರಿನ ಬೇರೆ ಬೇರೆ ಫೋಲ್ಡರ್‌ನಲ್ಲಿ ಎರಡು ಫೈರ್‌ಫಾಕ್ಸ್ ಹಾಕಿದರೆ ಎರಡಕ್ಕೂ ಪ್ರತ್ಯೇಕ ಪ್ರೊಫೈಲ್. ಆ ಹುಡುಗ ಹಳೇದನ್ನ ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಹಾಕಿದ್ದಾನೆ, ಅಲ್ವಾ? ಪರದೆ ಮೇಲೆ ಎರಡು ನರಿ ಕಾಣ್ತಿರಬೇಕು.

— ಹೌದು, ಎರಡಿದೆ.

— ಅಷ್ಟೇ. ಹೊಸದು ತನಗೊಂದು ಖಾಲಿ ಪ್ರೊಫೈಲ್ ಮಾಡಿಕೊಂಡಿದೆ. ನಿಮ್ಮದು ಹಳೇ ಜಾಗದಲ್ಲಿ ಹಾಗೇ ಇದೆ. ಈಗ ಎರಡು ಸಮಸ್ಯೆ ಕಲಸಿಹೋಗಿದೆ ಅತ್ತೆ. ಬಿಳೀ ಪುಟ ಅಪ್‌ಡೇಟ್ ಆದ ಮೇಲೆ ಬಂದದ್ದು. ಬುಕ್‌ಮಾರ್ಕು ಕಾಣದಿರೋದು ರಿಪೇರಿ ಮಾಡಿದ್ದರಿಂದ ಬಂದದ್ದು. ನಮ್ಮ ಕೆಲಸದಲ್ಲಿ ಇದು ದಿನಾ ನೋಡೋ ವಿಷಯ. ಮೂಲ ತೊಂದರೆಗಿಂತ ಗಾಬರಿಯಲ್ಲಿ ಮಾಡಿದ ಉಪಚಾರವೇ ಹೆಚ್ಚು ಹಾಳು ಮಾಡಿರುತ್ತೆ.

— ಸರಿ. ಏನು ಮಾಡಲಿ?

— ಎರಡೂ ಫೈರ್‌ಫಾಕ್ಸ್ ಮುಚ್ಚಿ. ಒಂದು ಪೆನ್‌ಡ್ರೈವ್ ಹಾಕಿ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಚಿಕ್ಕ ಪೆಟ್ಟಿಗೆ ಬರುತ್ತೆ. ಅದರಲ್ಲಿ ಶೇಕಡಾ ಗುರುತು, ಆಮೇಲೆ ಆಪ್‌ಡೇಟಾ ಅಂತ ಇಂಗ್ಲಿಷಿನಲ್ಲಿ ಒಂದೇ ಪದವಾಗಿ, ಮತ್ತೆ ಶೇಕಡಾ ಗುರುತು. ಎಂಟರ್.

— ಬಂತು. ತುಂಬ ಫೋಲ್ಡರ್‌ಗಳಿವೆ.

— ಮೊಜಿಲ್ಲಾ, ಅದರೊಳಗೆ ಫೈರ್‌ಫಾಕ್ಸ್, ಅದರೊಳಗೆ ಪ್ರೊಫೈಲ್ಸ್.

— ಏನೋ ಅರ್ಥವಿಲ್ಲದ ಅಕ್ಷರ, ಒಂದು ಚುಕ್ಕಿ, ಆಮೇಲೆ ಡೀಫಾಲ್ಟ್ ಅಂತ. ಅಂಥದ್ದೇ ಬೇರೆ ಬೇರೆ ಇವೆ.

— ಒಂದೊಂದರ ಮೇಲೂ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಎಲ್ಲಕ್ಕಿಂತ ದೊಡ್ಡದು ಯಾವುದೋ ಅದು ನಿಮ್ಮದು. ಅದರೊಳಗೆ ‘ಪ್ಲೇಸಸ್’ ಅನ್ನೋ ಹೆಸರಿನ ಫೈಲ್ ಇರುತ್ತೆ, ನಿಮ್ಮ ಬುಕ್‌ಮಾರ್ಕು, ಹಿಸ್ಟರಿ ಎರಡೂ ಅದರಲ್ಲೇ. ಪಾಸ್‌ವರ್ಡು ಎರಡು ಫೈಲ್‌ನಲ್ಲಿರುತ್ತೆ: ಬೀಗ ಹಾಕಿದ ಪಾಸ್‌ವರ್ಡು ‘ಲಾಗಿನ್ಸ್’ನಲ್ಲಿ, ಬೀಗದ ಕೈ ‘ಕೀ4’ನಲ್ಲಿ. ಒಂದನ್ನ ಬಿಟ್ಟು ಇನ್ನೊಂದನ್ನ ತೆಗೆದುಕೊಂಡು ಹೋದರೆ ಓದೋಕಾಗಲ್ಲ. ಅದಕ್ಕೇ ಬಿಡಿಬಿಡಿಯಾಗಿ ಆರಿಸೋಕೆ ಹೋಗದೆ ಇಡೀ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ.

— ಕಾಪಿ ಆಗ್ತಿದೆ. ನಿಧಾನ ಇದೆ ಕಣೇ.

— ಆಗಲಿ. ಅದು ಮುಗಿಯೋವರೆಗೆ ನಾವು ಯಾವುದನ್ನೂ ಮುಟ್ಟಲ್ಲ. ಅಷ್ಟರಲ್ಲಿ ಒಂದು ಪ್ರಶ್ನೆ. ಪುಟ ಬಿಳಿಯಾಗಿ ಬಂದಾಗ ಮೇಲಿನ ಟ್ಯಾಬ್‌ನಲ್ಲಿ ಪುಟದ ಹೆಸರು ಬರ್ತಿತ್ತಾ?

— ಬರ್ತಿತ್ತು. ಪೇಪರ್ ತೆರೆದೆ, ಪೇಪರ್ ಹೆಸರು ಬಂತು. ಒಳಗೇ ಏನೂ ಇಲ್ಲ.

— ಆ ಹೆಸರು ಬರೋದು ಪುಟದ ಒಳಗಿಂದಲೇ ಅತ್ತೆ. ಅಂದ್ರೆ ಪುಟ ನಿಮ್ಮ ಕಂಪ್ಯೂಟರಿಗೆ ಬಂದು ತಲುಪಿದೆ. ಇಂಟರ್‌ನೆಟ್ ಸರಿ ಇದೆ, ಆ ಸೈಟೂ ಸರಿ ಇದೆ. ಬಂದದ್ದನ್ನ ಪರದೆ ಮೇಲೆ ಬಿಡಿಸೋ ಕಡೆ ಏನೋ ಆಗಿದೆ. ಎಡ್ಜ್‌ನಲ್ಲಿ ನೋಡಿದ್ರಾ?

— ಅದರಲ್ಲಿ ಚೆನ್ನಾಗೇ ಬರುತ್ತೆ. ಅದಕ್ಕೇ ಅವನು, ಫೈರ್‌ಫಾಕ್ಸ್ ಅಪ್‌ಡೇಟೇ ಕೆಟ್ಟದ್ದು ಅಂದ.

— ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಅಂತ ಹೇಳಬಹುದು. ಅಪ್‌ಡೇಟ್‌ನಿಂದಲೇ ಕೆಟ್ಟಿತು ಅಂತ ಹೇಳೋಕೆ ಇನ್ನೂ ನಮ್ಮ ಹತ್ತಿರ ಆಧಾರ ಇಲ್ಲ.

— ಎರಡಕ್ಕೂ ಅಂಥ ವ್ಯತ್ಯಾಸ ಏನು? ನಿನ್ನೆ ಸರಿ ಇತ್ತು, ಅಪ್‌ಡೇಟ್ ಆಯ್ತು, ಇವತ್ತು ಸರಿ ಇಲ್ಲ.

— 2022ರ ಜನವರಿಯಲ್ಲಿ ಒಂದು ಘಟನೆ ಆಯ್ತು, ಕೇಳಿ. ಜನವರಿ 11ಕ್ಕೆ ಫೈರ್‌ಫಾಕ್ಸ್ 96 ಬಿಡುಗಡೆ ಆಯ್ತು. 13ಕ್ಕೆ ಪ್ರಪಂಚದ ಎಲ್ಲ ಕಡೆ ಫೈರ್‌ಫಾಕ್ಸ್ ಸ್ತಬ್ಧ. ಯಾವ ಪುಟವೂ ತೆರೀತಿರಲಿಲ್ಲ. ನೀವು ಹೇಳಿದ ಲೆಕ್ಕದಲ್ಲಿ ತಪ್ಪು 96ರದ್ದೇ ಆಗಬೇಕು. ಫೈರ್‌ಫಾಕ್ಸ್ ಮಾಡೋ ಮೊಜಿಲ್ಲಾದವರೂ ಮೊದಲು ನೋಡಿದ್ದು ತಾವು ಈಚೆಗೆ ಏನನ್ನಾದರೂ ಬದಲಾಯಿಸಿದ್ದೀವಾ ಅಂತಲೇ. ತೊಂದರೆಗೆ ಹೊಂದೋ ಬದಲಾವಣೆ ಸಿಗಲಿಲ್ಲ.

— ಮತ್ತೆ?

— ಫೈರ್‌ಫಾಕ್ಸ್ ತಾನು ಹೇಗೆ ಕೆಲಸ ಮಾಡ್ತಿದೆ ಅನ್ನೋ ಮಾಹಿತಿಯನ್ನ ಆಗಾಗ ಮೊಜಿಲ್ಲಾಕ್ಕೆ ಕಳಿಸ್ತಿರುತ್ತೆ. ಅದನ್ನ ತೆಗೆದುಕೊಳ್ಳೋ ಸರ್ವರ್ ಗೂಗಲ್ ಕ್ಲೌಡ್‌ನಲ್ಲಿತ್ತು. ಅಲ್ಲಿ ಒಂದು ಸೆಟ್ಟಿಂಗ್ ಬದಲಾಗಿ ಎಚ್‌ಟಿಟಿಪಿ3 ಅನ್ನೋ ಹೊಸ ಸಂಪರ್ಕ ವಿಧಾನ ತಾನಾಗಿ ಶುರುವಾಯ್ತು. ಮಾಹಿತಿ ಕಳಿಸುವಾಗ ಅದರ ಉದ್ದ ಎಷ್ಟು ಅಂತ ಒಂದು ಸಾಲು ಬರೀಬೇಕು. ಆ ಸಾಲಿನ ಹೆಸರನ್ನ ಫೈರ್‌ಫಾಕ್ಸಿನ ಒಂದು ಭಾಗ ಸಣ್ಣಕ್ಷರದಲ್ಲಿ ಬರೀತಿತ್ತು, ಇನ್ನೊಂದು ಭಾಗ ದೊಡ್ಡಕ್ಷರದಲ್ಲಿ ಹುಡುಕ್ತಿತ್ತು. ಸಿಗಲಿಲ್ಲ. ಉದ್ದ ಗೊತ್ತಿಲ್ಲದೆ ಕಳಿಸೋ ಹಾಗಿಲ್ಲ, ಬಿಡೋ ಹಾಗೂ ಇಲ್ಲ. ಅದೇ ಜಾಗದಲ್ಲಿ ಸುತ್ತೋಕೆ ಶುರು ಮಾಡಿತು. ಬ್ರೌಸರಿನ ಎಲ್ಲ ಸಂಪರ್ಕವೂ ಆ ಒಂದು ದಾರಿಯಲ್ಲೇ ಹೋಗಬೇಕಿತ್ತು. ಅದು ಕಟ್ಟಿಕೊಂಡಿತು.

— ಒಂದಕ್ಷರ ಸಣ್ಣದೋ ದೊಡ್ಡದೋ ಅನ್ನೋದಕ್ಕೆ!

— ಆ ತಪ್ಪು 96ಕ್ಕೂ ಮುಂಚಿನಿಂದಲೇ ಒಳಗಿತ್ತು. ಯಾರೂ ಆ ದಾರಿಯಲ್ಲಿ ಹೋಗಿರಲಿಲ್ಲ, ಅದಕ್ಕೆ ಗೊತ್ತಾಗಿರಲಿಲ್ಲ. ಕಾಲೂರಿದ ದಿನ ಮಾತ್ರ ಅಪ್‌ಡೇಟ್‌ಗೆ ಹತ್ತಿರದ ದಿನ ಆಗಿತ್ತು. ಸರ್ವರ್ ಕಡೆ ಆ ಸೆಟ್ಟಿಂಗ್ ತೆಗೆದ ಮೇಲೆ, ಸುಮಾರು ಎರಡು ಗಂಟೆಯಲ್ಲಿ ಸರಿಹೋಯ್ತು. ಆಮೇಲೆ 96.0.1ರಲ್ಲಿ ಒಳಗಿನ ತಪ್ಪನ್ನೂ ತಿದ್ದಿದರು. ಅಷ್ಟರಲ್ಲಿ ಎಷ್ಟೋ ಜನ ಬ್ರೌಸರ್ ತೆಗೆದು ಹಾಕಿ, ಹಳೇದನ್ನ ತಂದು ಹಾಕಿ, ಏನೇನೋ ಮಾಡಿಕೊಂಡಿದ್ದರು.

— ಇದು ನಮ್ಮಲ್ಲೂ ಇದೆ ನೋಡು. ಒಂದು ಓಲೆಗರಿ ಪ್ರತಿಯಲ್ಲಿ ಪದ್ಯ ಕೆಟ್ಟಿದ್ದರೆ, ಅದನ್ನ ಬರೆದ ಲಿಪಿಕಾರನ ಮೇಲೆ ತಪ್ಪು ಹೊರಿಸೋದು ಸುಲಭ. ಅವನು ತನ್ನ ಮುಂದಿದ್ದ ಪ್ರತಿಯಲ್ಲಿ ಇದ್ದದ್ದನ್ನ ಹಾಗೇ ಬರೆದಿರಬಹುದು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಇಟ್ಟುಕೊಂಡು ನಾನು ಪಾಠ ಹೇಳುವಾಗ ಹುಡುಗರಿಗೆ ಮೊದಲು ಹೇಳ್ತಿದ್ದದ್ದೇ ಇದು. ಸ್ಖಾಲಿತ್ಯ ಕಂಡ ಜಾಗ ಬೇರೆ, ಸ್ಖಾಲಿತ್ಯ ಹೊಕ್ಕ ಜಾಗ ಬೇರೆ ಇರಬಹುದು. ಪ್ರತಿಗಳನ್ನ ಎದುರುಬದುರು ಇಟ್ಟು ನೋಡದೆ ತಿದ್ದೋಕೆ ಹೋಗಬಾರದು.

— ಹೊಕ್ಕ ಜಾಗ ಹೇಗೆ ಕಂಡುಹಿಡೀತೀರಿ?

— ಎರಡು ಪ್ರತಿಯಲ್ಲಿ ಒಂದೇ ಬಗೆಯ ತಪ್ಪಿದ್ದರೆ, ಇಬ್ಬರು ಲಿಪಿಕಾರರು ಕಾಕತಾಳೀಯವಾಗಿ ಅಲ್ಲೇ ಎಡವಿದರು ಅಂತ ಹೇಳೋಕಾಗಲ್ಲ. ಅವೆರಡೂ ಒಂದೇ ಮಾತೃಕೆಯಿಂದ ಇಳಿದು ಬಂದಿವೆ, ತಪ್ಪು ಆ ಮಾತೃಕೆಯಲ್ಲಿದೆ ಅಂತ ತಿಳೀತೀವಿ. ಇರು. ಹಳೇ ಫೈರ್‌ಫಾಕ್ಸೂ ಬಿಳಿ, ಹೊಸದೂ ಬಿಳಿ. ಹೊಸದರಲ್ಲಿ ನನ್ನ ಪ್ರೊಫೈಲ್ ಇಲ್ಲ ಅಂತೀಯ.

— ಎಕ್ಸ್‌ಟೆನ್ಶನ್ನೂ ಇಲ್ಲ, ನಿಮ್ಮ ಸೆಟ್ಟಿಂಗೂ ಇಲ್ಲ.

— ಹಾಗಾದರೆ ತಪ್ಪು ನನ್ನ ಪ್ರೊಫೈಲ್‌ನಲ್ಲಿಲ್ಲ. ಎರಡಕ್ಕೂ ಸಮಾನವಾಗಿರೋ ಯಾವುದರಲ್ಲೋ ಇದೆ.

— ಅತ್ತೆ, ನಾನು ಹೇಳಬೇಕಾದ್ದನ್ನ ನೀವೇ ಹೇಳಿದಿರಿ. ಎರಡಕ್ಕೂ ಸಮಾನವಾಗಿರೋದು ನಿಮ್ಮ ಕಂಪ್ಯೂಟರು ಮತ್ತು ಈ ಹೊಸ ಆವೃತ್ತಿ. ಎಡ್ಜ್ ಚೆನ್ನಾಗಿದೆ ಅಂದ್ರೆ ಕಂಪ್ಯೂಟರು ಪೂರ್ತಿ ಕೆಟ್ಟಿಲ್ಲ. ಆ ಹುಡುಗ ಗೊತ್ತಿಲ್ಲದೆ ಒಂದು ಒಳ್ಳೇ ಪರೀಕ್ಷೆ ಮಾಡಿಕೊಟ್ಟು ಹೋಗಿದ್ದಾನೆ. ವಿಂಡೋಸ್ ಹೊಸದಾಗಿ ಹಾಕಿದ್ದರೆ ಆ ಸಾಕ್ಷಿಯೂ ಅಳಿಸಿಹೋಗ್ತಿತ್ತು. ಕಾಪಿ ಮುಗೀತಾ?

— ಮುಗೀತು.

— ಪೆನ್‌ಡ್ರೈವ್ ತೆಗೆದು ಪಕ್ಕಕ್ಕಿಡಿ. ಈಗ ಎಡಗೈಯಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು, ಹಳೇ ನರಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಬೆರಳು ತೆಗೀಬೇಡಿ.

— ಒಂದು ಪೆಟ್ಟಿಗೆ ಬಂತು. ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೀಬೇಕಾ ಅಂತ ಕೇಳ್ತಿದೆ. ಓಪನ್ ಅಂತ ಒಂದು, ರಿಫ್ರೆಶ್ ಅಂತ ಇನ್ನೊಂದು.

— ಓಪನ್ ಒತ್ತಿ. ರಿಫ್ರೆಶ್ ಮುಟ್ಟಬೇಡಿ. ಅದು ಕೆಟ್ಟದ್ದು ಅಂತಲ್ಲ. ಬುಕ್‌ಮಾರ್ಕು, ಪಾಸ್‌ವರ್ಡು, ಹಿಸ್ಟರಿ ಉಳಿಸಿಕೊಂಡು, ಎಕ್ಸ್‌ಟೆನ್ಶನ್ ಎಲ್ಲ ತೆಗೆದು ಹೊಸ ಪ್ರೊಫೈಲ್ ಮಾಡುತ್ತೆ. ಹಳೇದನ್ನ ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟಿರುತ್ತೆ. ಬೇರೆ ಯಾವುದೂ ನಡೀದೇ ಇದ್ದಾಗ ಒಳ್ಳೇ ಉಪಾಯ. ನಮ್ಮ ತಪ್ಪು ಪ್ರೊಫೈಲ್‌ನಲ್ಲಿಲ್ಲ ಅಂತ ನೀವೇ ತೋರಿಸಿದ್ದೀರಿ, ಅದನ್ನ ಯಾಕೆ ತೊಳೀಬೇಕು?

— ಓಪನ್ ಒತ್ತಿದೆ. ಬಂತು! ಪುಟ ಬಂತು ಕಣೇ! ಬುಕ್‌ಮಾರ್ಕೂ ಇದೆ. ಎಲ್ಲಾ ಇದೆ!

— ಒಳ್ಳೇದಾಯ್ತು ಅತ್ತೆ. ಇನ್ನೂ ಮುಗಿದಿಲ್ಲ. ಟ್ರಬಲ್‌ಶೂಟ್ ಮೋಡ್ ಅಂದ್ರೆ ಎಕ್ಸ್‌ಟೆನ್ಶನ್ನು, ಥೀಮು, ಹಾರ್ಡ್‌ವೇರ್ ಆಕ್ಸಲರೇಶನ್ನು ಇವನ್ನೆಲ್ಲ ಬದಿಗಿಟ್ಟು ಬ್ರೌಸರ್ ತೆರೆಯೋದು. ಇದರಲ್ಲಿ ಸರಿ ಬಂತು ಅಂದ್ರೆ ತಪ್ಪಿರೋದು ಬದಿಗಿಟ್ಟವುಗಳಲ್ಲೇ. ಎಕ್ಸ್‌ಟೆನ್ಶನ್ ಇಲ್ಲದ ಹೊಸ ಫೈರ್‌ಫಾಕ್ಸೂ ಬಿಳಿಯಾಗಿತ್ತಲ್ಲ?

— ಹಾರ್ಡ್‌ವೇರ್ ಅಂದೆಯಲ್ಲ, ಅದು ಉಳೀತು. ಏನದು?

— ಪುಟವನ್ನ ಪರದೆ ಮೇಲೆ ಬಿಡಿಸೋ ಕೆಲಸವನ್ನ ಕಂಪ್ಯೂಟರಿನ ಮುಖ್ಯ ಚಿಪ್ ಮಾಡಬಹುದು, ಇಲ್ಲಾ ಚಿತ್ರಕ್ಕೇ ಅಂತ ಇರೋ ಗ್ರಾಫಿಕ್ಸ್ ಚಿಪ್‌ಗೆ ವಹಿಸಬಹುದು. ವಹಿಸಿದರೆ ಬೇಗ ಆಗುತ್ತೆ. ಆ ಚಿಪ್ ಹತ್ತಿರ ಮಾತಾಡೋಕೆ ಡ್ರೈವರ್ ಅನ್ನೋ ಮಧ್ಯವರ್ತಿ ಸಾಫ್ಟ್‌ವೇರ್ ಬೇಕು. ಅದನ್ನ ಬರೆಯೋದು ಚಿಪ್ ಮಾಡಿದ ಕಂಪನಿ. ಈಗ ಅಡ್ರೆಸ್ ಬರೆಯೋ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಅಬೌಟ್’, ಎರಡು ಚುಕ್ಕಿ, ‘ಸಪೋರ್ಟ್’ ಅಂತ ಜಾಗ ಬಿಡದೆ ಬರೆದು ಎಂಟರ್ ಒತ್ತಿ.

— ಉದ್ದದ ಪಟ್ಟಿ ಬಂತು.

— ಕೆಳಗೆ ಹೋಗಿ, ಗ್ರಾಫಿಕ್ಸ್ ಅನ್ನೋ ಭಾಗ. ಅದರಲ್ಲಿ ಡ್ರೈವರ್ ಡೇಟ್ ಅಂತ ಸಾಲು ಇರುತ್ತೆ.

— ಇದೆ. 2016 ಅಂತಿದೆ.

— ಅದೇ ಅತ್ತೆ. ಬ್ರೌಸರ್ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತೆ. ಮಧ್ಯವರ್ತಿ 2016ರಲ್ಲೇ ನಿಂತಿದ್ದಾನೆ. ಹೊಸ ಆವೃತ್ತಿ ಏನೋ ಹೊಸ ರೀತಿಯಲ್ಲಿ ಚಿತ್ರ ಬಿಡಿಸು ಅಂತ ಕೇಳಿರಬೇಕು, ಇವನು ಆಗಲಿ ಅಂತ ಒಪ್ಪಿಕೊಂಡು ಬಿಳೀ ಹಾಳೆ ಕೊಡ್ತಿದ್ದಾನೆ.

— ಇರಬೇಕು ಅಂದೆ. ಅದನ್ನ ಪರೀಕ್ಷೆ ಮಾಡದೆ ಒಪ್ಪೋ ಹಾಗಿಲ್ಲ.

— ಒಪ್ಪಬೇಡಿ. ಬಲಗಡೆ ಮೇಲಿನ ಮೂರು ಗೆರೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಜನರಲ್‌ನಲ್ಲಿ ಕೆಳಗೆ ಪರ್ಫಾರ್ಮೆನ್ಸ್ ಅಂತಿದೆ. ಅಲ್ಲಿನ ಮೊದಲ ಟಿಕ್ ತೆಗೆದರೆ ಕೆಳಗೆ ಇನ್ನೊಂದು ಕಾಣುತ್ತೆ, ಹಾರ್ಡ್‌ವೇರ್ ಆಕ್ಸಲರೇಶನ್ ಅಂತ. ಅದರ ಟಿಕ್ಕೂ ತೆಗೀರಿ. ಬೇರೆ ಯಾವುದನ್ನೂ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಸರಿಹೋದಾಗಲೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಈಗ ಮುಚ್ಚಿ, ಶಿಫ್ಟ್ ಒತ್ತದೆ ಮಾಮೂಲಿನಂತೆ ತೆರೀರಿ.

— ಬಂತು. ಬಿಳಿ ಇಲ್ಲ. ಎಕ್ಸ್‌ಟೆನ್ಶನ್ ಗುರುತುಗಳೂ ಮೇಲೆ ಇವೆ.

— ಈಗ ಒಪ್ಪಬಹುದು.

— ಹಾಗಾದರೆ ಇದು ಅಪ್‌ಡೇಟ್‌ನ ತಪ್ಪೋ, ಡ್ರೈವರ್‌ನ ತಪ್ಪೋ?

— ಎರಡೂ ಸೇರೋ ಜಾಗದ್ದು. ಹಳೇ ಫೈರ್‌ಫಾಕ್ಸ್ ಜೊತೆ ಹಳೇ ಡ್ರೈವರ್ ಚೆನ್ನಾಗಿತ್ತು. ಹೊಸ ಡ್ರೈವರ್ ಇರೋ ಕಂಪ್ಯೂಟರುಗಳಲ್ಲಿ ಹೊಸ ಫೈರ್‌ಫಾಕ್ಸೂ ಚೆನ್ನಾಗಿದೆ, ನನ್ನದರಲ್ಲೂ ಅದೇ ಆವೃತ್ತಿ ನಡೀತಿದೆ. ಬಿಡಿಬಿಡಿಯಾಗಿ ಪರೀಕ್ಷೆ ಮಾಡಿದರೆ ಎರಡೂ ನಿರಪರಾಧಿಗಳು. ಇಂಥ ತಪ್ಪುಗಳೇ ಬಿಡುಗಡೆ ಆಗೋವರೆಗೂ ಸಿಗದೇ ಉಳಿಯೋದು. ಪ್ರಪಂಚದಲ್ಲಿರೋ ಅಷ್ಟೂ ಬಗೆಯ ಕಂಪ್ಯೂಟರುಗಳನ್ನ ಯಾವ ಪರೀಕ್ಷಕರೂ ಒಂದು ಕೋಣೆಯಲ್ಲಿ ಇಟ್ಟುಕೊಳ್ಳೋಕಾಗಲ್ಲ.

— ಹಳೇ ಆವೃತ್ತಿಗೆ ವಾಪಸ್ ಹೋಗಿಬಿಟ್ಟರೆ? ನನಗೆ ಹೊಸದರಲ್ಲಿ ಏನಿದೆಯೋ ಅದು ಬೇಕಾಗಿಯೂ ಇಲ್ಲ.

— ಹೊಸ ಆವೃತ್ತಿ ಒಮ್ಮೆ ಮುಟ್ಟಿದ ಪ್ರೊಫೈಲನ್ನ ಹಳೇದು ತೆರೆಯೋಕೆ ಒಪ್ಪಲ್ಲ. ನೀವು ಹಳೇ ಫೈರ್‌ಫಾಕ್ಸ್ ತೆರೆದಿದ್ದೀರಿ ಅಂತ ಎಚ್ಚರಿಸಿ, ಹೊಸ ಪ್ರೊಫೈಲ್ ಮಾಡಿಕೊಳ್ಳಿ, ಇಲ್ಲಾ ಮುಚ್ಚಿ ಅನ್ನುತ್ತೆ. ಒಳಗಿನ ಬರವಣಿಗೆಯ ಕ್ರಮ ಬದಲಾಗಿರಬಹುದಲ್ಲ, ಹಳೇದು ಅದನ್ನ ತಪ್ಪಾಗಿ ಓದಿ ಕೆಡಿಸಬಾರದು ಅಂತ ಆ ತಡೆ. ಮತ್ತೆ ನಿಮ್ಮ ಬುಕ್‌ಮಾರ್ಕು ಕಾಣೆಯಾಗುತ್ತೆ, ಮತ್ತೆ ಗಾಬರಿ.

— ಅಪ್‌ಡೇಟ್ ಆಗದ ಹಾಗೆ ನಿಲ್ಲಿಸಿಬಿಡಬಹುದಲ್ಲ?

— ಇದೊಂದನ್ನ ಮಾತ್ರ ಮಾಡಬೇಡಿ ಅತ್ತೆ. ಕೈ ಮುಗೀತೀನಿ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಅನ್ನೋ ಚಿತ್ರದ ಬಗೆಯನ್ನ ಬಿಡಿಸೋ ಕೋಡ್‌ನಲ್ಲಿ ಒಂದು ಬಿರುಕು ಸಿಕ್ಕಿತು. ದುರುದ್ದೇಶದಿಂದ ಮಾಡಿದ ಒಂದು ಚಿತ್ರ ಇರೋ ಪುಟ ತೆರೆದರೆ ಸಾಕು, ಕಂಪ್ಯೂಟರಿನೊಳಗೆ ಅವರ ಕೋಡ್ ಓಡಿಸಬಹುದಿತ್ತು. ನೀವು ಏನನ್ನೂ ಒತ್ತಬೇಕಿರಲಿಲ್ಲ. ಆ ಕೋಡನ್ನ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಲ್ಲವೂ ಬಳಸ್ತಿದ್ದವು. ಅದನ್ನ ಉಪಯೋಗಿಸಿ ದಾಳಿ ಆಗಲೇ ನಡೀತಿತ್ತು. ಅದು ಗೊತ್ತಾಗಿ ಒಂದು ವಾರದೊಳಗೆ ಕ್ರೋಮ್ ತಿದ್ದಿಕೊಂಡಿತು, ಫೈರ್‌ಫಾಕ್ಸ್ 117.0.1 ಬಂತು. ಅಪ್‌ಡೇಟ್ ನಿಲ್ಲಿಸಿಟ್ಟವರ ಹತ್ತಿರ ಬಾಗಿಲು ತೆರೆದೇ ಇತ್ತು. ನೀವು ಇದರಲ್ಲೇ ಪೆನ್ಶನ್ ಅಕೌಂಟ್ ನೋಡ್ತೀರಿ.

— ಅದು ನಿಜ.

— ಅಪ್‌ಡೇಟ್ ಮಾಡದೇ ಇದ್ದದ್ದಕ್ಕೇ ಕೆಟ್ಟದ್ದೂ ಇದೆ. ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಶನ್‌ಗಳು ಅಸಲಿಯೇ ಅಂತ ನೋಡೋಕೆ ಡಿಜಿಟಲ್ ಸರ್ಟಿಫಿಕೇಟ್ ಇರುತ್ತೆ, ಅದಕ್ಕೆ ಅವಧಿ ಇರುತ್ತೆ. ಒಂದು ಮೂಲ ಸರ್ಟಿಫಿಕೇಟ್‌ನ ಅವಧಿ 2025ರ ಮಾರ್ಚ್ 14ಕ್ಕೆ ಮುಗೀತು. 128ನೇ ಆವೃತ್ತಿ ಮತ್ತೆ ಅದಕ್ಕಿಂತ ಹೊಸದು ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ. ಹಳೇದರಲ್ಲೇ ಉಳಿದವರಿಗೆ ಎಕ್ಸ್‌ಟೆನ್ಶನ್ ನಿಂತುಹೋಗಬಹುದು ಅಂತ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಹಳೇ ವಿಂಡೋಸ್ 7 ಇಟ್ಟುಕೊಂಡವರಿಗೂ ದೀರ್ಘಾವಧಿಯ 115ರ ಸಾಲಿನಲ್ಲಿ 115.13 ಆದ ಮೇಲಿನದಾದರೆ ಸಾಕಿತ್ತು.

— ಯಾರೂ ಏನೂ ಮುಟ್ಟದಿದ್ದರೂ ಕೆಡುತ್ತೆ ಅಂದ ಹಾಗಾಯ್ತು.

— 2019ರಲ್ಲಿ ಹಾಗೇ ಆಯ್ತು. ಮೇ 4, ಶನಿವಾರ. ನಮ್ಮ ಬೆಳಗಿನ ಹೊತ್ತಿಗೆ ಇನ್ನೊಂದು ಸರ್ಟಿಫಿಕೇಟ್‌ನ ಅವಧಿ ಮುಗೀತು. ಮೊಜಿಲ್ಲಾದವರೇ ಗಮನಿಸದೆ ಬಿಟ್ಟದ್ದು. ಪ್ರಪಂಚದಲ್ಲಿದ್ದ ಹೆಚ್ಚುಕಡಿಮೆ ಎಲ್ಲ ಫೈರ್‌ಫಾಕ್ಸ್‌ಗಳಲ್ಲೂ ಎಕ್ಸ್‌ಟೆನ್ಶನ್ ಒಂದೊಂದಾಗಿ ಆರಿಹೋಗ್ತಾ ಬಂತು. ಅದರಲ್ಲೂ ಒಂದು ವಿಚಿತ್ರ. ಪ್ರತಿ ಬ್ರೌಸರೂ ದಿನಕ್ಕೊಮ್ಮೆ ಮಾತ್ರ ಸರ್ಟಿಫಿಕೇಟ್ ಪರೀಕ್ಷೆ ಮಾಡುತ್ತೆ, ಒಂದೊಂದು ಒಂದೊಂದು ಹೊತ್ತಿಗೆ. ಹಾಗಾಗಿ ನಿಮ್ಮದು ಬೆಳಿಗ್ಗೆ ಕೆಟ್ಟರೆ ಪಕ್ಕದ ಮನೆಯವರದ್ದು ಸಂಜೆವರೆಗೂ ಚೆನ್ನಾಗಿರುತ್ತೆ. ನಾನು ಏನೋ ಒತ್ತಿಬಿಟ್ಟೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳೋಕೆ ಇಷ್ಟು ಸಾಕಲ್ವಾ?

— ಆಮೇಲೆ ಸರಿ ಮಾಡಿದರಾ?

— ಮೊದಲು ಬೇರೆ ದಾರಿಯಲ್ಲಿ ತುರ್ತಾಗಿ ಹೊಸ ಸರ್ಟಿಫಿಕೇಟ್ ಕಳಿಸಿದರು, ಮಾರನೇ ದಿನ 66.0.4 ಅಂತ ಅಪ್‌ಡೇಟ್ ಬಂತು. ನಿಮಗೆ ಹೇಳಬೇಕು ಅಂದುಕೊಂಡದ್ದು ಅದರ ನಡುವೆ ಅವರು ಕೊಟ್ಟ ಸೂಚನೆ. ಎಕ್ಸ್‌ಟೆನ್ಶನ್ ತೆಗೆದು ಮತ್ತೆ ಹಾಕೋಕೆ ಹೋಗಬೇಡಿ ಅಂದಿದ್ದರು. ತೆಗೆದರೆ ಅದರೊಳಗೆ ನೀವು ಇಟ್ಟುಕೊಂಡ ಮಾಹಿತಿಯೂ ಹೋಗುತ್ತೆ. ಸುಮ್ಮನೆ ಕಾದವರಲ್ಲಿ ಹೆಚ್ಚಿನವರಿಗೆ ವಾಪಸ್ ಬಂತು, ಮಾಹಿತಿ ಸಮೇತ. ತೆಗೆದವರಿಗೆ ಖಾಲಿ ಎಕ್ಸ್‌ಟೆನ್ಶನ್ ಬಂತು.

— ಅಪ್‌ಡೇಟೇ ನಿಜವಾಗಿ ಕೆಡಿಸಿದ್ದು ಒಂದೂ ಇಲ್ಲವೇನೇ? ಅದರ ಪರ ವಕಾಲತ್ತು ಜೋರಾಗಿದೆ.

— ಯಾಕಿಲ್ಲ? 2017ರ ನವೆಂಬರ್ 14ರಂದು ಫೈರ್‌ಫಾಕ್ಸ್ 57 ಬಂದಾಗ ಹಳೇ ಮಾದರಿಯ ಎಕ್ಸ್‌ಟೆನ್ಶನ್‌ಗಳೆಲ್ಲ ಒಂದೇ ಏಟಿಗೆ ನಿಂತವು, ಬೇಕೆಂದೇ. ವೇಗಕ್ಕೆ, ಭದ್ರತೆಗೆ ಅದು ಅನಿವಾರ್ಯ ಅಂತ ನನಗೂ ಅನ್ನಿಸುತ್ತೆ. ಆದರೂ ಒಂದೆರಡು ಜನ ಬಿಡುವಿನಲ್ಲಿ ಕೂತು ಮಾಡಿದ್ದ ಎಷ್ಟೋ ಉಪಯುಕ್ತ ಸಲಕರಣೆಗಳು ಅಲ್ಲಿಗೇ ಮುಗಿದುಹೋದವು. ಅದು ನಷ್ಟವೇ, ನಾನು ಇಲ್ಲ ಅನ್ನಲ್ಲ. ಅಂಥ ಕಡೆ ಎಷ್ಟು ಹುಡುಕಿದರೂ ದೋಷ ಸಿಗಲ್ಲ. ಬದಲಿ ಹುಡುಕಿಕೊಳ್ಳಬೇಕು.

— ಇನ್ನೊಂದು ಕೇಳ್ತೀನಿ. ಸಾವಿರಾರು ಬದಲಾವಣೆ ಇರೋ ಆವೃತ್ತಿಯಲ್ಲಿ ತಪ್ಪು ಹೊಕ್ಕ ಜಾಗ ನೀವು ಹೇಗೆ ಹಿಡೀತೀರಿ? ನಮ್ಮಲ್ಲಿ ಎಂಟು ಹತ್ತು ಪ್ರತಿ ಇದ್ದರೆ ಹೆಚ್ಚು.

— ನಮಗೆ ಪ್ರತಿಗಳ ಬರ ಇಲ್ಲ ಅತ್ತೆ, ಅದೇ ಭಾಗ್ಯ. ಫೈರ್‌ಫಾಕ್ಸಿನ ಪ್ರತಿ ದಿನದ ಪ್ರತಿಯೂ ಸಂಗ್ರಹದಲ್ಲಿರುತ್ತೆ. ಮೊಜ್‌ರಿಗ್ರೆಶನ್ ಅಂತ ಒಂದು ಸಲಕರಣೆ ಇದೆ. ಯಾವ ತಾರೀಕಿಗೆ ಸರಿ ಇತ್ತು, ಯಾವ ತಾರೀಕಿಗೆ ಕೆಟ್ಟಿದೆ ಅಂತ ಹೇಳಿದರೆ ಅವೆರಡರ ನಟ್ಟನಡುವಿನ ದಿನದ ಫೈರ್‌ಫಾಕ್ಸನ್ನ ಇಳಿಸಿ ತೆರೆದು ತೋರಿಸುತ್ತೆ. ನೀವು ಸರಿ ಇದೆ ಅಂದರೆ ಮುಂದಿನ ಅರ್ಧ, ಕೆಟ್ಟಿದೆ ಅಂದರೆ ಹಿಂದಿನ ಅರ್ಧ. ಮತ್ತೆ ಅದರ ನಡುವಿನದು. ಸಾವಿರ ಬದಲಾವಣೆ ಇದ್ದರೂ ಹತ್ತು ಸಲ ಉತ್ತರ ಹೇಳಿದರೆ ಒಂದೇ ಒಂದು ಬದಲಾವಣೆಗೆ ಬಂದು ನಿಲ್ಲುತ್ತೆ. ಪ್ರೋಗ್ರಾಂ ಬರೆಯೋಕೆ ಬರಬೇಕಾಗಿಲ್ಲ, ಕಣ್ಣು ನೆಟ್ಟಗಿದ್ದರೆ ಸಾಕು.

— ಯಾವ ಲಿಪಿಕಾರ, ಯಾವ ಗರಿ, ಯಾವ ಸಾಲು ಅನ್ನೋವರೆಗೂ! ನಮಗೆ ಆ ಪುಣ್ಯ ಇದ್ದಿದ್ದರೆ ಪಂಪನ ಪದ್ಯಗಳ ಎಷ್ಟು ಜಗಳ ತೀರ್ತಿತ್ತು. ರೈಸ್ ಸಾಹೇಬರು 1898ರಲ್ಲಿ ಪಂಪಭಾರತ ಅಚ್ಚು ಮಾಡಿಸಿದಾಗಲೂ ಸಿಕ್ಕಿದ ಪ್ರತಿಗಳಷ್ಟರಿಂದಲೇ ಹೊರಡಿಸಬೇಕಾಯ್ತು. ಇರಲಿ. ಈಗ ಇದನ್ನ ಹೀಗೇ ಬಿಡಬಹುದಾ?

— ಬಿಡಬಾರದು. ಆ ಟಿಕ್ ತೆಗೆದದ್ದು ತಾತ್ಕಾಲಿಕ. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸ ಮುಖ್ಯ ಚಿಪ್ ಮೇಲೆ ಬಿದ್ದಿದೆ. ನೀವು ವಿಡಿಯೋದಲ್ಲಿ ಉಪನ್ಯಾಸ ಕೇಳುವಾಗ ಫ್ಯಾನು ಜೋರಾಗಿ ತಿರುಗೋಕೆ ಶುರುವಾಗುತ್ತೆ. 2022ರಲ್ಲಿ ಆ ಎಚ್‌ಟಿಟಿಪಿ3 ಆಫ್ ಮಾಡಿ ಆಗ ಹೊತ್ತು ನೂಕಿದವರು ಇದ್ದರು, ಆಮೇಲೆ ಮತ್ತೆ ಆನ್ ಮಾಡೋದು ಮರೆತರೆ ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತೆ. ಅದಕ್ಕೆ ಏನು ಬದಲಾಯಿಸಿದಿರಿ, ಯಾವ ದಿನ, ಅಂತ ನಿಮ್ಮ ಪುಸ್ತಕದಲ್ಲಿ ಬರೆದಿಡಿ.

— ಬರೆದೆ.

— ಡ್ರೈವರನ್ನ ಕಂಪ್ಯೂಟರ್ ಮಾಡಿದ ಕಂಪನಿಯ ಸೈಟಿನಿಂದ, ನಿಮ್ಮ ಮಾಡೆಲ್ ನಂಬರ್ ಹಾಕಿ ತೆಗೆದುಕೊಳ್ಳಬೇಕು. ವಿಂಡೋಸ್ ಅಪ್‌ಡೇಟ್‌ನಲ್ಲಿ ಆಪ್ಶನಲ್ ಅನ್ನೋ ಕಡೆಯೂ ಸಿಗಬಹುದು. ‘ನಿಮ್ಮ ಡ್ರೈವರ್ ಹಳೇದು, ಇಲ್ಲಿ ಒತ್ತಿ’ ಅಂತ ಜಾಹೀರಾತು ಬಂದರೆ ಅದರ ಹತ್ತಿರವೂ ಹೋಗಬೇಡಿ. ಭಾನುವಾರ ನಾನೇ ಬರ್ತೀನಿ, ಒಟ್ಟಿಗೇ ಹಾಕೋಣ. ಆಮೇಲೆ ಆ ಟಿಕ್ ವಾಪಸ್ ಹಾಕಿ ನೋಡೋಣ. ಹೊಸ ಡ್ರೈವರ್ ಅದಕ್ಕೆ ಬಂದೇ ಇಲ್ಲ ಅಂದ್ರೆ ಟಿಕ್ ಇಲ್ಲದೇ ಇರಲಿ, ಬಳಸೋಕೆ ಅಡ್ಡಿ ಇಲ್ಲ. ಆ ಎರಡನೇ ಫೈರ್‌ಫಾಕ್ಸನ್ನೂ ಅವತ್ತೇ ತೆಗೆಯೋಣ. ಈಗ ಒಂದು ಕೆಲಸ ಉಳಿದಿದೆ, ಅದು ನಿಮ್ಮಿಂದಲೇ ಆಗಬೇಕು.

— ಏನು?

— ಮತ್ತೆ ಆ ‘ಅಬೌಟ್ ಸಪೋರ್ಟ್’ ಪುಟಕ್ಕೆ ಹೋಗಿ. ಮೇಲ್ಗಡೆ, ಇದನ್ನೆಲ್ಲ ಕಾಪಿ ಮಾಡು ಅಂತ ಒಂದು ಬಟನ್ ಇದೆ. ಒತ್ತಿ, ನನಗೆ ಮೇಲ್‌ನಲ್ಲಿ ಅಂಟಿಸಿ ಕಳಿಸಿ. ನಾನು ಮೊಜಿಲ್ಲಾದವರು ದೂರು ತೆಗೆದುಕೊಳ್ಳೋ ಬಗ್‌ಜಿಲ್ಲಾದಲ್ಲಿ ಅದನ್ನ ದಾಖಲು ಮಾಡ್ತೀನಿ. ಕೆಟ್ಟ ಡ್ರೈವರ್‌ಗಳದ್ದು ಒಂದು ಪಟ್ಟಿ ಮೊಜಿಲ್ಲಾದವರ ಹತ್ತಿರ ಇರುತ್ತೆ. ಅದರಲ್ಲಿ ನಿಮ್ಮ ಡ್ರೈವರ್ ಸೇರಿಕೊಂಡರೆ, ಅದೇ ಡ್ರೈವರ್ ಇರೋ ಎಲ್ಲ ಕಂಪ್ಯೂಟರಿನಲ್ಲೂ ಫೈರ್‌ಫಾಕ್ಸ್ ತಾನಾಗಿ ಈ ಟಿಕ್ ಇಲ್ಲದ ದಾರಿ ಹಿಡಿಯುತ್ತೆ. ನಿಮ್ಮಂತೆ ಬಿಳೀ ಪುಟದ ಮುಂದೆ ಕೂತವರು ಯಾವ ಊರಲ್ಲಿ ಎಷ್ಟು ಜನ ಇದ್ದಾರೋ, ಅವರಿಗೆ ಯಾರೂ ಫೋನ್ ಮಾಡಬೇಕಾಗಲ್ಲ.

— ಬರೀ ಆ ಪಟ್ಟಿ ಸಾಕಾ?

— ಸಾಲದು. ಏನು ಮಾಡಿದಾಗ ಏನು ಕಂಡಿತು ಅಂತ ಕ್ರಮವಾಗಿ ಬೇಕು. ‘ಬ್ರೌಸರ್ ಕೆಟ್ಟಿದೆ’ ಅಂತ ಬಂದ ದೂರು ಯಾರಿಗೂ ಉಪಯೋಗ ಇಲ್ಲ. ಟ್ಯಾಬ್‌ನಲ್ಲಿ ಹೆಸರು ಬಂದದ್ದು, ಕೆಳಗೆ ಸರಿಸಿದಾಗ ಕಪ್ಪು ಚೌಕ ಬಂದದ್ದು, ಖಾಲಿ ಪ್ರೊಫೈಲ್‌ನಲ್ಲೂ ಹಾಗೇ ಆದದ್ದು, ಟ್ರಬಲ್‌ಶೂಟ್ ಮೋಡ್‌ನಲ್ಲಿ ಆಗದೇ ಇದ್ದದ್ದು, ಒಂದು ಟಿಕ್ ತೆಗೆದ ಮೇಲೆ ಸರಿಹೋದದ್ದು. ನೀವು ಪಾಠಾಂತರ ಗುರುತು ಹಾಕೋ ಹಾಗೆ, ನಿಮ್ಮ ಊಹೆ ಒಂದು ಕಡೆ, ಕಂಡದ್ದು ಒಂದು ಕಡೆ.

— ಕನ್ನಡದಲ್ಲೇ ಬರೆಯಲಾ?

— ಬರೀರಿ. ಇಂಗ್ಲಿಷಿಗೆ ನಾನು ಮಾಡಿಕೊಳ್ತೀನಿ. ಆ ಕಪ್ಪು ಚೌಕ ಎಷ್ಟು ದೊಡ್ಡದಿತ್ತು, ಯಾವ ಮೂಲೆಯಿಂದ ಬರ್ತಿತ್ತು ಅನ್ನೋದೂ ಇರಲಿ.

— ಎಡಗಡೆಯಿಂದ ಕಣೇ, ಯಾವಾಗಲೂ ಎಡಗಡೆಯಿಂದಲೇ. ಇರು, ಆ ಹುಡುಗನಿಗೆ ಬರಬೇಡ ಅಂತ ಹೇಳಿ, ಕೂತು ಬರೀತೀನಿ. ಸಂಜೆ ಒಳಗೆ ಕಳಿಸಿದರೆ ಆಗುತ್ತಾ?